ಬಾವಲಿಯ ಕೂಗು, ಎರಡು ಪದಗಳು

ಸೂಪರ್‌ಸಾನಿಕ್, ಅಲ್ಟ್ರಾಸಾನಿಕ್ ಎಂಬ ಪದಗಳನ್ನು ನೀವು ಶಾಲೆಯಲ್ಲಿ ಕೇಳಿರುತ್ತೀರಿ. ಕನ್ನಡದಲ್ಲಿ ಮೊದಲನೆಯದು ಶಬ್ದಾತೀತ, ಅಂದರೆ ಶಬ್ದಕ್ಕಿಂತ ವೇಗವಾದದ್ದು. ಎರಡನೆಯದು ಶ್ರವಣಾತೀತ, ಅಂದರೆ ನಮ್ಮ ಕಿವಿಗೆ ನಿಲುಕದ್ದು. ಒಂದು ವೇಗಕ್ಕೆ ಸೇರಿದ್ದು, ಇನ್ನೊಂದು ಕಂಪನಕ್ಕೆ. ಈ ಎರಡನೆಯದರ ಕಥೆ ಕೇಳಿ.

1793ರಲ್ಲಿ ಇಟಲಿಯ ವಿಜ್ಞಾನಿ ಲಜಾರೊ ಸ್ಪಲನ್‌ಜಾನಿ ಒಂದು ಸಂಗತಿ ಗಮನಿಸಿದರು. ಪೂರ್ತಿ ಕತ್ತಲಲ್ಲಿ ಗೂಬೆ ಎದುರಿಗೆ ಸಿಕ್ಕಿದ್ದಕ್ಕೆಲ್ಲ ಡಿಕ್ಕಿ ಹೊಡೆಯಿತು, ಬಾವಲಿಗಳು ಸಲೀಸಾಗಿ ಹಾರಿದವು. ದೃಷ್ಟಿ ಕಳೆದ ಬಾವಲಿಗಳೂ ತಡೆಯಿಲ್ಲದೆ ಹಾರಿದವು. ಇಂದು ಇದು ಕ್ರೂರ ಪ್ರಯೋಗ ಎನಿಸುತ್ತದೆ, ನಿಜ. ಮರುವರ್ಷ ಜಿನೀವಾದ ವೈದ್ಯ ಲೂಯಿ ಜೂರಿನ್ ಬಾವಲಿಗಳ ಕಿವಿ ಮುಚ್ಚಿ ನೋಡಿದರು. ಅವು ದಾರಿ ತಪ್ಪಿ ಅಡೆತಡೆಗಳಿಗೆ ಬಡಿದುಕೊಂಡವು. ಸ್ಪಲನ್‌ಜಾನಿ ತಾವೂ ಪರೀಕ್ಷಿಸಿ ಒಪ್ಪಿದರು.

ಆದರೆ ಬಾವಲಿ ಹಾರುವಾಗ ಯಾರಿಗೂ ಸದ್ದೇ ಕೇಳಿಸುತ್ತಿರಲಿಲ್ಲ. ಸದ್ದಿಲ್ಲದಿದ್ದರೆ ಕಿವಿಗೇನು ಕೆಲಸ? ಫ್ರಾನ್ಸಿನ ಹೆಸರಾಂತ ವಿಜ್ಞಾನಿ ಕ್ಯುವಿಯೆ, ಬಾವಲಿಗೆ ದಾರಿ ತೋರುವುದು ಸ್ಪರ್ಶ ಎಂದರು. ದೊಡ್ಡವರ ಮಾತು ನಿಂತಿತು, ಪ್ರಯೋಗದ ಸಾಕ್ಷ್ಯ ಮೂಲೆಗೆ ಸೇರಿತು.

ಹೀಗೆ 140ಕ್ಕೂ ಹೆಚ್ಚು ವರ್ಷ ಕಳೆದವು. 1938ರಲ್ಲಿ ಹಾರ್ವರ್ಡ್‌ನ ವಿದ್ಯಾರ್ಥಿ ಡೊನಾಲ್ಡ್ ಗ್ರಿಫಿನ್ ಬಾವಲಿಗಳನ್ನು ಭೌತವಿಜ್ಞಾನಿ ಪಿಯರ್ಸ್ ಅವರ ಯಂತ್ರದ ಮುಂದೆ ಹಿಡಿದರು. ಆ ಯಂತ್ರ ಕೇಳಿಸದ ಕಂಪನವನ್ನು ಕೇಳಿಸುವ ಸದ್ದಾಗಿಸುತ್ತಿತ್ತು. ಮೌನ ಎಂದುಕೊಂಡಿದ್ದ ಜೀವಿ ನಿಜಕ್ಕೂ ಕೂಗುತ್ತಿತ್ತು! ನಮ್ಮ ಕಿವಿಯ ಮೇಲ್ಮಿತಿ ಸೆಕೆಂಡಿಗೆ ಸುಮಾರು 20,000 ಕಂಪನ, ಬಾವಲಿಯ ಕೂಗು ಅದಕ್ಕೂ ಮೇಲೆ. ಬಳಿಕ ಗ್ರಿಫಿನ್, ರಾಬರ್ಟ್ ಗಲಾಂಬೊಸ್ ಜೊತೆಗೂಡಿ, ತೂಗುಬಿಟ್ಟ ತಂತಿಗಳ ನಡುವೆ ಬಾವಲಿಗಳನ್ನು ಹಾರಿಸಿದರು. ಕಿವಿ ಮುಚ್ಚಿದರೂ ಬಾಯಿ ಮುಚ್ಚಿದರೂ ಅವು ತಂತಿಗೆ ತಾಗಿದವು. ಅವು ಕೂಗುತ್ತವೆ, ಮರಳುವ ಪ್ರತಿಧ್ವನಿಯಿಂದ ದಾರಿ ಅರಿಯುತ್ತವೆ ಎಂಬುದು ಖಚಿತವಾಯಿತು.

ಸ್ವಾರಸ್ಯವೆಂದರೆ, 1938ರ ಆ ಲೇಖನದ ಶೀರ್ಷಿಕೆಯಲ್ಲಿ ಬಾವಲಿಯ ಕೂಗನ್ನು ಕರೆದದ್ದು 'ಸೂಪರ್‌ಸಾನಿಕ್' ಎಂದೇ! ಆಗ ಇಂಗ್ಲಿಷಿನಲ್ಲಿ ಆ ಪದಕ್ಕೆ ಎರಡೂ ಅರ್ಥವಿತ್ತು. 1947ರ ಅಕ್ಟೋಬರ್ 14ರಂದು ಚಕ್ ಯೇಗರ್ ಕ್ಯಾಲಿಫೋರ್ನಿಯಾದ ಮರುಭೂಮಿಯ ಮೇಲೆ ಬೆಲ್ ಎಕ್ಸ್-1 ವಿಮಾನವನ್ನು ಶಬ್ದಕ್ಕಿಂತ ವೇಗವಾಗಿ ಹಾರಿಸಿದರು. ಮುಂದೆ ಆ ಪದ ವಿಮಾನಗಳ ಪಾಲಾಯಿತು.

ಬಾವಲಿಯ ಕೂಗಿನ ವೇಗವೂ ನಿಮ್ಮ ಮಾತಿನ ವೇಗವೇ, ಸೆಕೆಂಡಿಗೆ ಸುಮಾರು 340 ಮೀಟರ್. ಶ್ರವಣಾತೀತವಾದದ್ದೆಲ್ಲ ಶಬ್ದಾತೀತವಲ್ಲ. ಇಂಗ್ಲಿಷ್ ಪದಗಳು ಗೊಂದಲ ಮಾಡಿದಾಗ ಈ ಕನ್ನಡ ಜೋಡಿಯನ್ನು ನೆನೆಯಿರಿ. ಹಾಗೆಯೇ ಸ್ಪಲನ್‌ಜಾನಿಯವರನ್ನೂ ನೆನೆಯಿರಿ. ಅವರು ಕಂಡದ್ದು ಸರಿಯಾಗಿತ್ತು, ಅದನ್ನು ಕೇಳಿಸುವ ಯಂತ್ರವೊಂದು ಅವರ ಬಳಿ ಇರಲಿಲ್ಲ.