ಷೆಡ್ಡಿನಲ್ಲಿ ಪಳಗಿದ ಎಂಜಿನ್ನು

ಅಂಬಾಸಿಡರ್ ಕಾರಿನ ಬಾನೆಟ್ಟನ್ನು ಒಮ್ಮೆಯಾದರೂ ಎತ್ತಿ ನೋಡಿದವರಿಗೆ ಅದರ ಎಂಜಿನ್ನಿನ ಚಹರೆ ಮರೆತಿರಲಾರದು. ಎರಕದ ಕಬ್ಬಿಣದ ಭಾರಿ ದಿಮ್ಮಿ, ಅದರ ಮೇಲೆ ತಗಡಿನ ಮುಚ್ಚಳ, ಒಂದೇ ಪಕ್ಕಕ್ಕೆ ಕಾರ್ಬುರೇಟರೂ ಹೊಗೆಯ ಕೊಳವೆಯೂ. ರೈಲು ನಿಲ್ದಾಣದ ಟ್ಯಾಕ್ಸಿಯಾಗಿ, ಸರ್ಕಾರಿ ಅಧಿಕಾರಿಗಳ ವಾಹನವಾಗಿ, ಮದುವೆಯ ದಿಬ್ಬಣದ ಕಾರಾಗಿ ದಶಕಗಟ್ಟಲೆ ದುಡಿದ ಈ ಎಂಜಿನ್ನನ್ನು ಯಾರೂ ವೇಗದ ಎಂಜಿನ್ನೆಂದು ಕರೆಯಲಿಲ್ಲ. ಆದರೆ ಇದೇ 1489 ಸಿಸಿಯ ಎಂಜಿನ್ನು ಒಂದರ ಬದಲು ಎರಡು ಕಾರ್ಬುರೇಟರುಗಳನ್ನು ಹೊತ್ತು, 1955ರಲ್ಲಿ ಬ್ರಿಟನ್ನಿನ ಎಂ.ಜಿ.ಎ. ಎಂಬ ಸ್ಪೋರ್ಟ್ಸ್ ಕಾರಿನ ಹೃದಯವಾಗಿತ್ತು. ನಮ್ಮ ಟ್ಯಾಕ್ಸಿಯಲ್ಲಿ 50ರ ಆಸುಪಾಸಿನ ಅಶ್ವಶಕ್ತಿ ಕೊಡುತ್ತಿದ್ದ ಕಬ್ಬಿಣ ಅಲ್ಲಿ ಸುಮಾರು 70 ಕೊಡುತ್ತಿತ್ತು. 1962ರಲ್ಲಿ ಅದರ ಸಿಲಿಂಡರುಗಳನ್ನು ಅಗಲಿಸಿ 1798 ಸಿಸಿ ಮಾಡಿ ಎಂ.ಜಿ.ಬಿ. ಕಾರಿಗೆ ಇಟ್ಟಾಗ 95ರಷ್ಟಾಯಿತು.

ಅಲ್ಲಿಗೂ ನಿಲ್ಲಲಿಲ್ಲ. ಕಾರನ್ನು ಕೊಂಡವರು ಮನೆಯ ಹಿಂದಿನ ಷೆಡ್ಡಿನಲ್ಲಿ ಅದನ್ನು ಬಿಚ್ಚಿ, ಉಜ್ಜಿ, ತೂಗಿ, ಅಳೆದು ಇನ್ನಷ್ಟು ಶಕ್ತಿಯನ್ನು ಹೊರತೆಗೆದರು. ಕಾರ್ಖಾನೆ ಕೊಟ್ಟ ಯಂತ್ರವನ್ನು ಕೊಂಡವನೇ ತಿದ್ದಬಹುದೆಂಬ ಈ ಧೈರ್ಯ ಎಲ್ಲಿಂದ ಬಂತು? ಇದರ ಉತ್ತರ ಸ್ವಲ್ಪ ಮಟ್ಟಿಗೆ ತೆರಿಗೆಯ ಕಾನೂನಿನಲ್ಲಿದೆ, ಸ್ವಲ್ಪ ಮಟ್ಟಿಗೆ ಯುದ್ಧಕಾಲದ ಪೆಟ್ರೋಲಿನಲ್ಲಿದೆ.

ತೆರಿಗೆ ರೂಪಿಸಿದ ಎಂಜಿನ್ನು

ಬ್ರಿಟನ್ನಿನಲ್ಲಿ 1921ರಿಂದ ಕಾರುಗಳಿಗೆ ಅಶ್ವಶಕ್ತಿಯೊಂದಕ್ಕೆ ಒಂದು ಪೌಂಡಿನಂತೆ ವಾರ್ಷಿಕ ತೆರಿಗೆ ಬಿತ್ತು. ಆದರೆ ಈ ಅಶ್ವಶಕ್ತಿ ಯಂತ್ರದ ನಿಜವಾದ ಶಕ್ತಿಯಲ್ಲ, ಕಾಗದದ ಮೇಲಿನ ಲೆಕ್ಕ. ಸಿಲಿಂಡರ್ ಎಷ್ಟು ಅಗಲ, ಅಂಥವು ಎಷ್ಟಿವೆ ಎಂಬುದಷ್ಟೇ ಸೂತ್ರದಲ್ಲಿತ್ತು. ಪಿಸ್ಟನ್ನು ಎಷ್ಟು ದೂರ ಮೇಲೆ ಕೆಳಗೆ ಓಡಾಡುತ್ತದೆ ಎಂಬುದನ್ನು ಸೂತ್ರ ಕೇಳುತ್ತಲೇ ಇರಲಿಲ್ಲ. ತಯಾರಕರು ಸುಮ್ಮನಿರುತ್ತಾರೆಯೇ? ಸಿಲಿಂಡರನ್ನು ಕಿರಿದಾಗಿಸಿ, ಪಿಸ್ಟನ್ನಿನ ಓಟವನ್ನು ಉದ್ದವಾಗಿಸಿದರು. 1922ರಲ್ಲಿ ಬಂದ ಆಸ್ಟಿನ್ ಸೆವೆನ್ ಎಂಬ ಪುಟ್ಟ ಕಾರಿನ 747 ಸಿಸಿಯ ಎಂಜಿನ್ನಿನಲ್ಲಿ ಸಿಲಿಂಡರಿನ ಅಗಲ 56 ಮಿಲಿಮೀಟರ್, ಓಟ 76 ಮಿಲಿಮೀಟರ್. ತೆರಿಗೆ 1948ರಲ್ಲಿ ಎಲ್ಲ ಕಾರಿಗೂ ಒಂದೇ ದರವಾದ ಮೇಲೂ ಆ ಅಭ್ಯಾಸ ಬಿಡಲಿಲ್ಲ. ಅಂಬಾಸಿಡರಿಗೂ ಎಂ.ಜಿ.ಎ.ಗೂ ಸಮಾನವಾದ ಎಂಜಿನ್ನಿನಲ್ಲಿ ಅಗಲ 73 ಮಿಲಿಮೀಟರ್, ಓಟ 88.9.

ಕಿರಿದಾದ ಸಿಲಿಂಡರಿನ ತಲೆಯ ಮೇಲೆ ದೊಡ್ಡ ವಾಲ್ವುಗಳಿಗೆ ಜಾಗವಿಲ್ಲ. ವಾಲ್ವು ಚಿಕ್ಕದಾದರೆ ಎಂಜಿನ್ನಿಗೆ ಉಸಿರು ಕಟ್ಟುತ್ತದೆ. ನಿಧಾನವಾಗಿ ಓಡುವಾಗ ತಿಳಿಯದ ಈ ಕೊರತೆ ವೇಗ ಹೆಚ್ಚಿದಾಗ ಎದ್ದು ಕಾಣುತ್ತದೆ. ಷೆಡ್ಡಿನ ಕೆಲಸಗಾರರ ಹೋರಾಟವೆಲ್ಲ ಒಂದರ್ಥದಲ್ಲಿ ಈ ಉಸಿರಿಗಾಗಿಯೇ.

ಎರಡು ಕೋಣೆಗೆ ಒಂದೇ ಬಾಗಿಲು

ಇನ್ನೊಂದು ತೊಡಕೂ ಇತ್ತು. ಖರ್ಚು ಉಳಿಸಲು ಎರಡೆರಡು ಸಿಲಿಂಡರುಗಳಿಗೆ ಸೇರಿಸಿ ಒಂದೇ ಗಾಳಿಯ ದಾರಿಯನ್ನು ಎರಕ ಹೊಯ್ಯುತ್ತಿದ್ದರು. ಮೈ ಕೂಡಿಕೊಂಡೇ ಹುಟ್ಟಿದ ಸಯಾಮಿ ಅವಳಿಗಳ ನೆನಪಿನಲ್ಲಿ ಇದಕ್ಕೆ 'ಸಯಾಮೀಸ್ ಪೋರ್ಟ್' ಎಂದು ಹೆಸರು. ಒಂದೇ ಬಾಗಿಲಿನಲ್ಲಿ ಇಬ್ಬರು ನುಗ್ಗಿದರೆ ಒಬ್ಬನಿಗೆ ಹೆಚ್ಚು, ಇನ್ನೊಬ್ಬನಿಗೆ ಕಡಿಮೆ. ನಾಲ್ಕೂ ಸಿಲಿಂಡರುಗಳಿಗೆ ಸಮಪಾಲು ಸಿಗುವುದಿಲ್ಲ.

ಆಸ್ಟಿನ್ ಸೆವೆನ್ 1939ರವರೆಗೆ ಸುಮಾರು 2 ಲಕ್ಷ 90 ಸಾವಿರದಷ್ಟು ತಯಾರಾಯಿತು. ಯುದ್ಧ ಮುಗಿದಾಗ ಹಳೆಯವು ಅಗ್ಗಕ್ಕೆ ಸಿಗುತ್ತಿದ್ದವು. ಅವುಗಳನ್ನು ಕೊಂಡು ಮನೆಯಲ್ಲೇ ರೇಸಿನ ಕಾರು ಮಾಡುವವರ ಕೂಟವಾಗಿ, 1939ರಲ್ಲಿ ಹುಟ್ಟಿದ್ದ 750 ಕ್ಲಬ್ಬು ಬೆಳೆಯಿತು. 1948ರಲ್ಲಿ ಕಾಲಿನ್ ಚಾಪ್ಮನ್ ಎಂಬ ತರುಣ ಉತ್ತರ ಲಂಡನ್ನಿನಲ್ಲಿ, ತನ್ನ ಗೆಳತಿಯ ತಂದೆತಾಯಿಯರ ಮನೆಯ ಹಿಂದಿನ ಗ್ಯಾರೇಜಿನಲ್ಲಿ, ಹಳೆಯ ಆಸ್ಟಿನ್ ಸೆವೆನ್ನನ್ನು ಬಿಚ್ಚಿ ಹೊಸ ಮೈ ಕಟ್ಟಿದ. ಅದೇ ಮೊದಲ ಲೋಟಸ್. 1951ರ ತನ್ನ ಮೂರನೆಯ ಕಾರಿನಲ್ಲಿ ಅವನು ಹೂಡಿದ ಉಪಾಯ ಬಹಳ ಸರಳ. ಕೂಡಿದ ಗಾಳಿದಾರಿಯ ನಡುವೆ ತೆಳ್ಳನೆಯ ತಗಡಿನ ಗೋಡೆ ನಿಲ್ಲಿಸಿ ಒಂದನ್ನು ಎರಡು ಮಾಡಿದ. ಆ ಕಾರು ಪ್ರತಿಸ್ಪರ್ಧಿಗಳನ್ನು ಎಷ್ಟು ಹಿಂದೆ ಹಾಕಿತೆಂದರೆ, ನಿಯಮಾವಳಿಯನ್ನೇ ತಿದ್ದಿ ಆ ಉಪಾಯವನ್ನು ನಿಷೇಧಿಸಬೇಕಾಯಿತು. ದೂರದ ನ್ಯೂಜಿಲೆಂಡಿನಲ್ಲಿ ಬ್ರೂಸ್ ಮೆಕ್‌ಲಾರೆನ್ ಎಂಬ ಹುಡುಗನೂ ತಂದೆಯ ಜೊತೆಗೂಡಿ ಹಳೆಯ ಆಸ್ಟಿನ್ ಸೆವೆನ್ನನ್ನೇ ಸಜ್ಜುಗೊಳಿಸಿ ರೇಸಿಗೆ ಇಳಿದ. ಫಾರ್ಮುಲಾ ಒನ್ನಿನ ಎರಡು ದೊಡ್ಡ ಹೆಸರುಗಳು ಹೀಗೆ ಒಂದೇ ಬಡ ಎಂಜಿನ್ನಿನ ಪಾಠಶಾಲೆಯಿಂದ ಬಂದವು.

ಎಂ.ಜಿ.ಎ., ಎಂ.ಜಿ.ಬಿ.ಗಳ ಎಂಜಿನ್ನಿನಲ್ಲೂ ನಾಲ್ಕು ಸಿಲಿಂಡರಿಗೆ ಗಾಳಿ ಒಳಬರುವ ದಾರಿ ಎರಡೇ, ಹೊಗೆ ಹೊರಹೋಗುವ ದಾರಿ ಮೂರು. ಹಾಗಾಗಿ ಆಸ್ಟಿನ್ ಸೆವೆನ್ನಿನಲ್ಲಿ ಕಲಿತ ವಿದ್ಯೆ ಇಲ್ಲಿಯೂ ಊರ್ಜಿತವಾಯಿತು.

ಪೆಟ್ರೋಲಿನ ಕಡಿವಾಣ

ಯುದ್ಧಕಾಲದಲ್ಲಿ ಬ್ರಿಟನ್ ಸರ್ಕಾರ ಎಲ್ಲ ಕಂಪೆನಿಗಳ ಪೆಟ್ರೋಲನ್ನೂ ಒಂದುಗೂಡಿಸಿ 'ಪೂಲ್ ಪೆಟ್ರೋಲ್' ಎಂದು ಮಾರುತ್ತಿತ್ತು. ಅದರ ಆಕ್ಟೇನ್ ಅಂಕ ಸುಮಾರು 70 ಮಾತ್ರ. ಪೆಟ್ರೋಲು ಒತ್ತಡವನ್ನು ಎಷ್ಟು ತಾಳಬಲ್ಲದು ಎಂಬುದರ ಅಳತೆಯೇ ಆಕ್ಟೇನ್. ಸಿಲಿಂಡರಿನಲ್ಲಿ ಮಿಶ್ರಣವನ್ನು ಹೆಚ್ಚು ಅದುಮಿದಷ್ಟೂ ಶಕ್ತಿ ಹೆಚ್ಚು. ಆದರೆ ಕಳಪೆ ಪೆಟ್ರೋಲನ್ನು ಅತಿಯಾಗಿ ಅದುಮಿದರೆ, ಪ್ಲಗ್ಗಿನ ಕಿಡಿಯಿಂದ ಹೊರಟ ಜ್ವಾಲೆ ತಲುಪುವ ಮೊದಲೇ ಉಳಿದ ಮಿಶ್ರಣ ತಾನಾಗಿ ಸಿಡಿಯುತ್ತದೆ. ಏರು ಹತ್ತುವಾಗ 'ಟಕ ಟಕ' ಎಂದು ಕೇಳುವ ನಾಕಿಂಗ್ ಸದ್ದು ಇದೇ. ಇದನ್ನು ಅಲಕ್ಷಿಸಿದರೆ ಪಿಸ್ಟನ್ನಿಗೆ ತೂತು ಬೀಳುತ್ತದೆ.

1953ರಲ್ಲಿ ಪೂಲ್ ಪೆಟ್ರೋಲು ಹೋಗಿ ಕಂಪೆನಿಗಳ ಉತ್ತಮ ಪೆಟ್ರೋಲು ಮತ್ತೆ ಬಂತು. ಅಂದಿನಿಂದ ಕಂಪ್ರೆಶನ್ ಹೆಚ್ಚಿಸುವುದು ಷೆಡ್ಡಿನವರ ಮೆಚ್ಚಿನ ಕೆಲಸವಾಯಿತು. ಇದರ ಲೆಕ್ಕ ಶಾಲೆಯ ಹುಡುಗನಿಗೂ ಬರುವಂಥದು. 1489 ಸಿಸಿಯ ಎಂಜಿನ್ನಿನ ಒಂದು ಸಿಲಿಂಡರಿನ ಪಾಲು ಸುಮಾರು 372 ಸಿಸಿ. ಪಿಸ್ಟನ್ನು ಪೂರ್ತಿ ಮೇಲೆ ಬಂದಾಗ ಉಳಿಯುವ ಜಾಗ 60 ಸಿಸಿ ಇದ್ದರೆ, ಒಟ್ಟು 432 ಸಿಸಿಯ ಮಿಶ್ರಣ 60ಕ್ಕೆ ಇಳಿಯಿತು. ಅಂದರೆ ಕಂಪ್ರೆಶನ್ 7.2 ಪಟ್ಟು. ಸಿಲಿಂಡರ್ ಹೆಡ್ಡಿನ ಅಡಿಯನ್ನು ಯಂತ್ರದಲ್ಲಿ ಹೆರೆದು ಆ ಜಾಗವನ್ನು 48 ಸಿಸಿಗೆ ಇಳಿಸಿದರೆ 8.75 ಪಟ್ಟು. ಕೂದಲೆಳೆಯ ಲೆಕ್ಕದಲ್ಲಿ ಹೆರೆಯಬೇಕಾದ ಕೆಲಸವಿದು. ಹೆರೆದದ್ದನ್ನು ಮತ್ತೆ ಅಂಟಿಸಲು ಬರುವುದಿಲ್ಲ.

ಅಡುಗೆಮನೆಯ ತಕ್ಕಡಿ, ಕಿವಿಗೊಂದು ಕೊಳವೆ

ಷೆಡ್ಡಿನಲ್ಲಿ ಇದ್ದ ಸಲಕರಣೆಗಳಾದರೂ ಯಾವುವು? ಹೆಡ್ಡನ್ನು ಮಗುಚಿ ಇಟ್ಟು, ಮೇಲೆ ತೂತಿರುವ ಪಾರದರ್ಶಕ ಹಲಗೆಯನ್ನು ಗ್ರೀಸಿನಿಂದ ಅಂಟಿಸಿ, ಪ್ರಯೋಗಶಾಲೆಯ ಬ್ಯುರೆಟ್ಟಿನಿಂದ ಸೀಮೆಎಣ್ಣೆ ಬಿಟ್ಟು ನಾಲ್ಕೂ ಕುಳಿಗಳ ಗಾತ್ರ ಅಳೆಯುತ್ತಿದ್ದರು. ವ್ಯತ್ಯಾಸವಿದ್ದರೆ ಚಿಕ್ಕ ಕುಳಿಯನ್ನು ಉಜ್ಜಿ ದೊಡ್ಡದಕ್ಕೆ ಸಮ ಮಾಡುತ್ತಿದ್ದರು. ಪಿಸ್ಟನ್ನುಗಳನ್ನು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ, ಎಲ್ಲಕ್ಕಿಂತ ಹಗುರವಾದುದರ ತೂಕಕ್ಕೆ ಉಳಿದವನ್ನು ತರುತ್ತಿದ್ದರು. ಹೆಡ್ಡು ಹೆರೆದ ಮೇಲೆ ವಾಲ್ವು ಪಿಸ್ಟನ್ನಿಗೆ ತಗಲುತ್ತದೆಯೇ ಎಂದು ನೋಡಲು ಪಿಸ್ಟನ್ನಿನ ಮೇಲೆ ಮಕ್ಕಳ ಆಟದ ಜೇಡಿಮಣ್ಣು ಮೆತ್ತಿ, ಎಂಜಿನ್ನನ್ನು ಕೈಯಿಂದ ತಿರುಗಿಸಿ, ಒತ್ತಿದ ಗುರುತಿನ ದಪ್ಪ ಅಳೆಯುತ್ತಿದ್ದರು.

ಕಾರ್ಬುರೇಟರಿನದು ಇನ್ನೊಂದು ಕಥೆ. ಈ ಕಾರುಗಳ ಎಸ್.ಯು. ಕಾರ್ಬುರೇಟರನ್ನು ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ರೂಪಿಸಿದವರು ಪಾದರಕ್ಷೆ ವ್ಯಾಪಾರದ ಮನೆತನದ ಸ್ಕಿನ್ನರ್ ಸಹೋದರರು. ಮೊದಲ ಮಾದರಿಗಳಲ್ಲಿ ಚರ್ಮದ ತಿದಿಯೇ ಇತ್ತು. ಬಳಿಕ ಅದರ ಜಾಗಕ್ಕೆ ಲೋಹದ ಪಿಸ್ಟನ್ನು ಬಂತು. ಎಂಜಿನ್ನು ಎಳೆಯುವ ಗಾಳಿಗೆ ತಕ್ಕಂತೆ ಅದು ಮೇಲೇಳುತ್ತದೆ. ಅದರ ಅಡಿಯಲ್ಲಿ ತುದಿ ಸಪೂರವಾದ ಸೂಜಿಯೊಂದು ಪೆಟ್ರೋಲಿನ ತೂತಿನೊಳಗೆ ಇಳಿಬಿದ್ದಿರುತ್ತದೆ. ಸೂಜಿ ಮೇಲೆದ್ದಷ್ಟೂ ಪೆಟ್ರೋಲು ಹೆಚ್ಚು. ಎಂಜಿನ್ನನ್ನು ಬದಲಿಸಿದವರು ಈ ಸೂಜಿಯನ್ನೂ ಬದಲಿಸಲೇಬೇಕು. ಎರಡು ಕಾರ್ಬುರೇಟರುಗಳ ನಡುವೆ ಸಮತೋಲ ತರುವಾಗ ರಬ್ಬರ್ ಕೊಳವೆಯ ಒಂದು ತುದಿಯನ್ನು ಕಿವಿಗಿಟ್ಟು, ಇನ್ನೊಂದನ್ನು ಎರಡರ ಬಾಯಿಗೂ ಸರದಿಯಂತೆ ಹಿಡಿಯುತ್ತಿದ್ದರು. 'ಹಿಸ್' ಎಂಬ ಸದ್ದು ಎರಡರಲ್ಲೂ ಒಂದೇ ಶ್ರುತಿಯಲ್ಲಿ ಬಂದರೆ ಕೆಲಸ ಸರಿ. ತಂಬೂರಿಯ ತಂತಿ ಕೂಡಿಸುವವನಿಗೂ ಇವನಿಗೂ ವ್ಯತ್ಯಾಸವೇನೂ ಇಲ್ಲ. ಕೊನೆಗೆ ಪ್ಲಗ್ಗುಗಳನ್ನು ಬಿಚ್ಚಿ ಬಣ್ಣ ನೋಡುವುದು. ಕಪ್ಪು ಮಸಿಯಿದ್ದರೆ ಪೆಟ್ರೋಲು ಅತಿ, ಬೆಳ್ಳಗಿದ್ದರೆ ಕೊರತೆ, ಬಿಸ್ಕತ್ತಿನ ಕಂದು ಬಣ್ಣವಿದ್ದರೆ ಹದ.

ಈ ಕೆಲಸವನ್ನು ಕಾರ್ಖಾನೆ ವಿರೋಧಿಸಲಿಲ್ಲ ಎಂಬುದು ಇಂದು ಸೋಜಿಗವೆನಿಸಬಹುದು. ಎಂ.ಜಿ. ಸಂಸ್ಥೆ ತಾನೇ ಮಾಲೀಕರಿಗಾಗಿ ಪುಸ್ತಿಕೆಗಳನ್ನು ಅಚ್ಚುಹಾಕಿ, ಯಾವ ಹಂತದಲ್ಲಿ ಏನನ್ನು ಬದಲಿಸಬೇಕೆಂದು ತಿಳಿಸುತ್ತಿತ್ತು. 1960ರ ದಶಕದಲ್ಲಿ ಆಬಿಂಗ್ಡನ್ನಿನ ಕಾರ್ಖಾನೆಯಲ್ಲಿ ಇದಕ್ಕೆಂದೇ ಪ್ರತ್ಯೇಕ ವಿಭಾಗ ತೆರೆಯಿತು. ಆದರೆ ಅನುಭವಿಗಳು ಹೇಳುತ್ತಿದ್ದ ಮಾತೊಂದಿತ್ತು. ಮೊದಲು ಎಂಜಿನ್ನು ಆರೋಗ್ಯವಾಗಿರಬೇಕು, ಬಳಿಕ ಬ್ರೇಕು ಗಟ್ಟಿಯಾಗಬೇಕು, ವೇಗದ ಮಾತು ಆಮೇಲೆ. ಸವೆದ ಬೇರಿಂಗಿನ ಮೇಲೆ ಹೆಚ್ಚಿನ ಶಕ್ತಿ ಹೇರಿದವರ ಎಂಜಿನ್ನು ಕಬ್ಬಿಣದ ಚೂರುಗಳಾಗಿ ಕೆಳಗಿನ ಎಣ್ಣೆತೊಟ್ಟಿಯಲ್ಲಿ ಸಿಗುತ್ತಿತ್ತು. ರೇಸಿನ ಕ್ಯಾಮ್ ಶಾಫ್ಟು ಹಾಕಿದರೆ ವೇಗದಲ್ಲಿ ಶಕ್ತಿ ಬರುತ್ತದೆ, ಆದರೆ ಪೇಟೆಯ ಸಂದಣಿಯಲ್ಲಿ ಕಾರು ಕೆಮ್ಮುತ್ತದೆ. ಈ ವಿದ್ಯೆಯಲ್ಲಿ ಪುಕ್ಕಟೆಯಾಗಿ ಬರುವುದು ಏನೂ ಇಲ್ಲ.

ಅದೇ ಸ್ಪ್ಯಾನರು, ಬೇರೆ ಗುರಿ

ನಮ್ಮಲ್ಲಿ ಅದೇ ಎಂಜಿನ್ನಿನ ಮುಂದೆ ಕುಳಿತ ಮೆಕ್ಯಾನಿಕ್ಕುಗಳು ಕಡಿಮೆ ನಿಪುಣರೇನಲ್ಲ. ಆದರೆ ಇಲ್ಲಿ ಟ್ಯೂನಿಂಗ್ ಎಂದರೆ ಮೈಲೇಜು. ಕಾರಿಗಾಗಿ ವರ್ಷಗಟ್ಟಲೆ ಕಾಯಬೇಕಾಗಿದ್ದ, 1973ರ ತೈಲ ಬಿಕ್ಕಟ್ಟಿನ ಬಳಿಕ ಪೆಟ್ರೋಲು ತುಟ್ಟಿಯಾದ ನಾಡಿನಲ್ಲಿ ವೇಗ ಯಾರಿಗೆ ಬೇಕಿತ್ತು? ಅಲ್ಲಿ ಸೂಜಿ ಬದಲಿಸಿದ್ದು ಹೆಚ್ಚು ಪೆಟ್ರೋಲು ಹರಿಸಲು, ಇಲ್ಲಿ ಕಾರ್ಬುರೇಟರ್ ತಿರುಗಿಸಿದ್ದು ಹನಿ ಉಳಿಸಲು. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಿಂದ ಬಿಡಿಭಾಗ ತಂದು, ಟ್ಯಾಪೆಟ್ಟಿನ ಸಂದನ್ನು ಕಿವಿಯಿಂದಲೇ ಗುರುತಿಸುತ್ತಿದ್ದವರು ಸತ್ತ ಎಂಜಿನ್ನುಗಳನ್ನು ಮತ್ತೆ ಮತ್ತೆ ಎಬ್ಬಿಸಿದರು. ಗುರಿ ಬೇರೆಯಾದರೂ ಕೈ, ಕಣ್ಣು, ಕಿವಿಗಳ ವಿದ್ಯೆ ಒಂದೇ.

ಈ ಸ್ವಾತಂತ್ರ್ಯಕ್ಕೆ ಇನ್ನೊಂದು ಮುಖವೂ ಇದೆ. ಷೆಡ್ಡಿನಲ್ಲಿ ಹೆಚ್ಚಿಸಿದ ಶಕ್ತಿಯ ಹೊಗೆಯನ್ನು ಉಸಿರಾಡುವವರು ಬೀದಿಯವರು. ಅಮೆರಿಕದ ಮಾಲಿನ್ಯ ನಿಯಮಗಳು ಬಿಗಿಯಾದಂತೆ, 1975ರ ಹೊತ್ತಿಗೆ ಅಲ್ಲಿಗೆ ಹೋಗುವ ಎಂ.ಜಿ.ಬಿ.ಗೆ ಎರಡರ ಬದಲು ಒಂದೇ ಕಾರ್ಬುರೇಟರ್ ಬಂದು ಶಕ್ತಿ ಕುಸಿಯಿತು. ಹಲವು ಮಾಲೀಕರು ಹಳೆಯ ಜೋಡಿಯನ್ನೇ ಮರಳಿ ಹಾಕಿಕೊಂಡರು. ಅವರ ಸಂತೋಷ ನಿಜ, ನಿಯಮದ ಹಿಂದಿನ ಕಾರಣವೂ ನಿಜ. ಬ್ರಿಟನ್ನಿನಲ್ಲೂ ಭಾರತದಲ್ಲೂ 2000ದಲ್ಲಿ ಸೀಸ ಬೆರೆಸಿದ ಪೆಟ್ರೋಲು ನಿಂತಿತು. ಮಕ್ಕಳ ಮಿದುಳಿಗೆ ವಿಷವಾಗಿದ್ದ ಆ ಸೀಸವೇ ಹಳೆಯ ಎಂಜಿನ್ನುಗಳ ವಾಲ್ವಿನ ಸೀಟುಗಳನ್ನು ಕಾಯುತ್ತಿತ್ತು. ಈಗ ಹೆಡ್ಡಿಗೆ ಗಟ್ಟಿ ಲೋಹದ ಬಳೆ ಕೂರಿಸಬೇಕು. ಎಥನಾಲ್ ಬೆರೆತ ಇಂದಿನ ಪೆಟ್ರೋಲಿಗೆ ಹಳೆಯ ರಬ್ಬರ್ ಕೊಳವೆಗಳು ಬಾಳುವುದಿಲ್ಲ, ಮಿಶ್ರಣವನ್ನೂ ಮತ್ತೆ ಹದಗೊಳಿಸಬೇಕು. ನಮ್ಮ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನ ಪ್ರಕಾರ ತಯಾರಕರ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನು ಎತ್ತಿಹಿಡಿಯಿತು. ಆದ್ದರಿಂದ ಇಲ್ಲಿ ಸ್ಪ್ಯಾನರು ಎತ್ತುವ ಮೊದಲು ಕಾನೂನನ್ನೂ ಓದಬೇಕು.

ಆಬಿಂಗ್ಡನ್ ಕಾರ್ಖಾನೆ 1980ರಲ್ಲಿ ಮುಚ್ಚಿತು. ಕಲ್ಕತ್ತೆಯ ಬಳಿಯ ಉತ್ತರಪಾರಾದಲ್ಲಿ ಅಂಬಾಸಿಡರ್ ತಯಾರಿಕೆ 2014ರಲ್ಲಿ ನಿಂತಿತು. ಆದರೆ ಎಂ.ಜಿ.ಬಿ.ಯನ್ನು ಉಳಿಸಿಕೊಂಡವರು ಎಷ್ಟಿದ್ದರೆಂದರೆ, ಕಾರ್ಖಾನೆ ಮುಚ್ಚಿ ಎಂಟು ವರ್ಷಗಳ ಬಳಿಕ, 1988ರಲ್ಲಿ, ಅದರ ಹೊಸ ಮೈಯನ್ನು ಮತ್ತೆ ತಯಾರಿಸುವುದು ಲಾಭದಾಯಕವಾಯಿತು. ಕಾರು ಉಳಿದದ್ದು ಕಾರ್ಖಾನೆಯಿಂದಲ್ಲ, ಅದನ್ನು ಬಿಚ್ಚಲು ಕಲಿತವರಿಂದ. ನಮ್ಮ ಓಣಿಯ ಹಳೆಯ ಮೆಕ್ಯಾನಿಕ್ ಕಾರ್ಬುರೇಟರಿಗೆ ಕಿವಿಗೊಟ್ಟು ಕೇಳುವ ಶ್ರುತಿ ಯಾವ ಪುಸ್ತಕದಲ್ಲೂ ಅಚ್ಚಾಗಿಲ್ಲ. ಪಕ್ಕದಲ್ಲಿ ನಿಂತು ಅದನ್ನು ಕಲಿಯುವ ಹುಡುಗನೊಬ್ಬ ಇಲ್ಲದಿದ್ದರೆ ಆ ವಿದ್ಯೆ ಅವರೊಂದಿಗೇ ಮುಗಿಯುತ್ತದೆ.