ಲಿಮಿಟೆಡ್ ಎಡಿಷನ್ ಬ್ಲೆಂಡೆಡ್ ಬೌರ್ಬನ್: ದುಡ್ಡು ಕೊಡುವುದು ರುಚಿಗೋ, ಲೇಬಲ್ಲಿಗೋ?

ಸಾರಾಂಶ

ಅಮೆರಿಕದ ಬೌರ್ಬನ್ ವಿಸ್ಕಿಯಲ್ಲಿ ಪ್ರತಿವರ್ಷ ಕೆಲವು 'ಲಿಮಿಟೆಡ್ ಎಡಿಷನ್' ಬಾಟಲಿಗಳು ಮಾರುಕಟ್ಟೆಗೆ ಬರುತ್ತವೆ. ಅದೇ ಕಂಪನಿಯ ಸಾಮಾನ್ಯ ಬಾಟಲಿಗಿಂತ ಇವುಗಳ ಬೆಲೆ ಹಲವು ಪಟ್ಟು ಹೆಚ್ಚು. ಬೆಲೆ ಹೆಚ್ಚಾದ ಮೇಲೆ ರುಚಿಯೂ ಅಷ್ಟೇ ಹೆಚ್ಚಿರಬೇಕು ಎಂಬುದು ಒಂದು ನಂಬಿಕೆ. 'ಬ್ಲೆಂಡೆಡ್' ಎಂದು ಬರೆದಿದ್ದರೆ ಅದು ಕಲಬೆರಕೆ ಎಂಬುದು ಇನ್ನೊಂದು. ಎರಡನ್ನೂ ಪರಿಶೀಲಿಸಿದಾಗ ನಮಗೆ ಕಂಡದ್ದು: ಎರಡೂ ಅರ್ಧ ಸತ್ಯ. ಲೇಬಲ್ ಓದಲು ಕಲಿತರೆ ಮತ್ತು ಹೆಸರು ಮುಚ್ಚಿಟ್ಟು ರುಚಿ ನೋಡಿದರೆ, ಕೊಟ್ಟ ದುಡ್ಡು ಎಲ್ಲಿಗೆ ಹೋಯಿತು ಎಂಬುದು ಸಾಕಷ್ಟು ಸ್ಪಷ್ಟವಾಗುತ್ತದೆ.

ಬೌರ್ಬನ್ ಎಂದರೆ ಏನು?

ಬೌರ್ಬನ್ ಎಂದೊಡನೆ ನಮ್ಮಲ್ಲಿ ಹಲವರಿಗೆ ನೆನಪಾಗುವುದು ಚಾಕೊಲೇಟ್ ಬಿಸ್ಕತ್ತು. ನಾವು ಇಲ್ಲಿ ಹೇಳುತ್ತಿರುವುದು ಅಮೆರಿಕದ ವಿಸ್ಕಿಯ ಬಗ್ಗೆ. 1964ರಲ್ಲಿ ಅಮೆರಿಕದ ಸಂಸತ್ತು ಇದನ್ನು ಆ ದೇಶದ ವಿಶಿಷ್ಟ ಉತ್ಪನ್ನ ಎಂದು ಘೋಷಿಸಿತು. ಅಲ್ಲಿನ ನಿಯಮದ ಪ್ರಕಾರ ಬೌರ್ಬನ್‌ಗೆ ಬಳಸುವ ಧಾನ್ಯದಲ್ಲಿ ಕನಿಷ್ಠ ಶೇ. 51ರಷ್ಟು ಮೆಕ್ಕೆಜೋಳ ಇರಬೇಕು. ಉಳಿದದ್ದು ಸಾಮಾನ್ಯವಾಗಿ ರೈ ಅಥವಾ ಗೋಧಿ, ಜೊತೆಗೆ ಮೊಳಕೆ ಬರಿಸಿದ ಬಾರ್ಲಿ. ಒಳಭಾಗವನ್ನು ಸುಟ್ಟು ಕಪ್ಪಾಗಿಸಿದ ಹೊಸ ಓಕ್ ಪೀಪಾಯಿಯಲ್ಲೇ ಅದನ್ನು ಇಡಬೇಕು. ಬಾಟಲಿಗೆ ತುಂಬುವಾಗ ಆಲ್ಕೋಹಾಲ್ ಪ್ರಮಾಣ ಶೇ. 40ಕ್ಕಿಂತ ಕಡಿಮೆ ಇರುವಂತಿಲ್ಲ.

ಕೆಂಟಕಿ ರಾಜ್ಯದಲ್ಲೇ ತಯಾರಾಗಬೇಕು ಎಂಬುದು ತಪ್ಪು ತಿಳಿವಳಿಕೆ. ಅಮೆರಿಕದ ಯಾವ ರಾಜ್ಯದಲ್ಲಾದರೂ ತಯಾರಿಸಬಹುದು. ಕನಿಷ್ಠ ಎರಡು ವರ್ಷ ಪೀಪಾಯಿಯಲ್ಲಿದ್ದರೆ ಅದು 'ಸ್ಟ್ರೇಟ್ ಬೌರ್ಬನ್'. ಇದಕ್ಕೆ ಬಣ್ಣ, ಸುವಾಸನೆ ಏನನ್ನೂ ಸೇರಿಸುವಂತಿಲ್ಲ. ಅಂದರೆ ಅದರ ಬಣ್ಣವೆಲ್ಲ ಮರದ್ದು. ವೆನಿಲಾ ವಾಸನೆ ಬರುವುದು ಓಕ್‌ನ ಲಿಗ್ನಿನ್ ಒಡೆದಾಗ. ತೆಂಗಿನಕಾಯಿಯಂಥ ವಾಸನೆಗೆ ಮರದಲ್ಲಿರುವ ಲ್ಯಾಕ್ಟೋನ್ ಕಾರಣ. ಸುಟ್ಟ ಸಕ್ಕರೆಯ ಛಾಯೆ ಬರುವುದು ಬೆಂಕಿಯ ಬಿಸಿಗೆ ಮರದ ಸಕ್ಕರೆಗಳು ಕಂದಿದಾಗ.

'ಬ್ಲೆಂಡೆಡ್' ಅಂದರೆ ಕಲಬೆರಕೆಯೇ?

ಇದು ಪದಗಳ ಜೋಡಣೆಯನ್ನು ಅವಲಂಬಿಸಿದೆ. ಲೇಬಲ್ ಮೇಲೆ ಬರುವ ಎರಡು ಮಾತುಗಳು ನೋಡಲು ಒಂದೇ ಥರ ಇದ್ದರೂ ಅರ್ಥದಲ್ಲಿ ಬಹಳ ದೂರ.

ಮೊದಲನೆಯದು 'ಬ್ಲೆಂಡೆಡ್ ಬೌರ್ಬನ್ ವಿಸ್ಕಿ'. ಇದರಲ್ಲಿ ಸ್ಟ್ರೇಟ್ ಬೌರ್ಬನ್ ಶೇ. 51ರಷ್ಟಿದ್ದರೆ ಸಾಕು. ಉಳಿದ ಭಾಗ ಬೇರೆ ವಿಸ್ಕಿ ಇರಬಹುದು, ಅಥವಾ ರುಚಿ-ವಾಸನೆ ಇಲ್ಲದ ನ್ಯೂಟ್ರಲ್ ಸ್ಪಿರಿಟ್ ಇರಬಹುದು.

ಎರಡನೆಯದು 'ಎ ಬ್ಲೆಂಡ್ ಆಫ್ ಸ್ಟ್ರೇಟ್ ಬೌರ್ಬನ್ ವಿಸ್ಕೀಸ್'. ಇಲ್ಲಿ ಬೆರೆಸಿರುವ ವಿಸ್ಕಿಗಳೆಲ್ಲ ಸ್ಟ್ರೇಟ್ ಬೌರ್ಬನ್‌ಗಳೇ. ಒಂದೇ ರಾಜ್ಯದ ಸ್ಟ್ರೇಟ್ ಬೌರ್ಬನ್‌ಗಳನ್ನು ಬೆರೆಸಿದರೆ 'ಸ್ಟ್ರೇಟ್' ಹೆಸರೇ ಉಳಿಯುತ್ತದೆ. ಬೇರೆ ಬೇರೆ ರಾಜ್ಯಗಳದ್ದನ್ನು ಬೆರೆಸಿದಾಗ ಈ ಉದ್ದನೆಯ ಹೆಸರು ಬೇಕಾಗುತ್ತದೆ. ಲೂಯಿವಿಲ್‌ನ ಬ್ಯಾರೆಲ್ ಕ್ರಾಫ್ಟ್ ಸ್ಪಿರಿಟ್ಸ್ ಕಂಪನಿ ಕೆಂಟಕಿ, ಟೆನೆಸಿ, ಇಂಡಿಯಾನಾಗಳಿಂದ ಪೀಪಾಯಿಗಳನ್ನು ಕೊಂಡು ಹೀಗೆ ಬೆರೆಸಿಯೇ ಹೆಸರು ಮಾಡಿದೆ.

'ಬ್ಲೆಂಡೆಡ್' ಪದಕ್ಕೆ ಕೆಟ್ಟ ಹೆಸರು ಬಂದದ್ದು ಸುಮ್ಮನೆ ಅಲ್ಲ. ಕೆಂಟಕಿಯ ಫೋರ್ ರೋಸಸ್ ಒಳ್ಳೆಯ ಉದಾಹರಣೆ. ಅದರ ಅಂದಿನ ಮಾಲೀಕ ಸೀಗ್ರಾಮ್ ಕಂಪನಿ 1950ರ ದಶಕದ ಕೊನೆಯಲ್ಲಿ ಫೋರ್ ರೋಸಸ್ ಸ್ಟ್ರೇಟ್ ಬೌರ್ಬನ್ ಅನ್ನು ಅಮೆರಿಕದಲ್ಲಿ ನಿಲ್ಲಿಸಿತು. ಅದೇ ಹೆಸರಿನಲ್ಲಿ ಅಗ್ಗದ ಬ್ಲೆಂಡೆಡ್ ವಿಸ್ಕಿ ಮಾರತೊಡಗಿತು. ನಿಜವಾದ ಬೌರ್ಬನ್ ಯುರೋಪ್ ಮತ್ತು ಜಪಾನ್‌ಗೆ ಹೋಗುತ್ತಿತ್ತು. 2002ರಲ್ಲಿ ಜಪಾನಿನ ಕಿರಿನ್ ಕಂಪನಿ ಕೊಂಡ ಮೇಲೆ ಬ್ಲೆಂಡೆಡ್ ವಿಸ್ಕಿ ನಿಂತು, ಸ್ಟ್ರೇಟ್ ಬೌರ್ಬನ್ ತವರಿಗೆ ಮರಳಿತು.

ಇಂದು ಅದೇ ಫೋರ್ ರೋಸಸ್‌ನ ಹೆಮ್ಮೆ ಎಂದರೆ ಬೆರೆಸುವ ಕಲೆ. ಎರಡು ಬಗೆಯ ಧಾನ್ಯದ ಮಿಶ್ರಣ, ಐದು ಬಗೆಯ ಯೀಸ್ಟ್, ಒಟ್ಟು ಹತ್ತು ಬಗೆಯ ಬೌರ್ಬನ್ ಅಲ್ಲಿ ತಯಾರಾಗುತ್ತದೆ. ವರ್ಷಕ್ಕೊಮ್ಮೆ ಬರುವ ಅದರ ಲಿಮಿಟೆಡ್ ಎಡಿಷನ್ ಸ್ಮಾಲ್ ಬ್ಯಾಚ್, ಈ ಹತ್ತರಲ್ಲಿ ಕೆಲವನ್ನು ಬೇರೆ ಬೇರೆ ವಯಸ್ಸಿನಲ್ಲಿ ಆಯ್ದು ಬೆರೆಸಿದ್ದು. ನಮ್ಮ ಅಡುಗೆಮನೆಯಲ್ಲಿ ಸಾರಿನ ಪುಡಿಗೆ ಕೊತ್ತಂಬರಿ, ಮೆಣಸು, ಜೀರಿಗೆಗಳ ಹದ ನೋಡುವಂಥದ್ದೇ ಕೆಲಸ.

'ಲಿಮಿಟೆಡ್' ಪದಕ್ಕೆ ಏನಾದರೂ ಅರ್ಥವಿದೆಯೇ?

ಕಾನೂನಿನ ಅರ್ಥವಿಲ್ಲ. 'ಸ್ಟ್ರೇಟ್' ಪದಕ್ಕೆ ನಿಯಮವಿದೆ. 'ಲಿಮಿಟೆಡ್', 'ಸ್ಮಾಲ್ ಬ್ಯಾಚ್' ಪದಗಳಿಗೆ ಇಷ್ಟೇ ಬಾಟಲಿ, ಇಷ್ಟೇ ಪೀಪಾಯಿ ಎಂಬ ಮಿತಿ ಇಲ್ಲ. ಹಾಗಾಗಿ ಆ ಪದವನ್ನು ಬಿಟ್ಟು, ಲೇಬಲ್ಲಿನ ಕೆಳಗಿನ ಮೂರು ವಿವರಗಳನ್ನು ನೋಡುವುದು ಒಳ್ಳೆಯದು.

* ವಯಸ್ಸು: ಬೆರಕೆಯಲ್ಲಿ 6 ವರ್ಷದ್ದೂ 16 ವರ್ಷದ್ದೂ ಇದ್ದರೆ, ಲೇಬಲ್ಲಿನ ವಯಸ್ಸು 6 ಎಂದೇ ಇರಬೇಕು. ಅತಿ ಕಿರಿಯದರ ವಯಸ್ಸೇ ಲೆಕ್ಕಕ್ಕೆ. 16 ವರ್ಷದ್ದು ಎಷ್ಟು ಪಾಲು ಇದೆ ಎಂಬುದನ್ನು ಕೆಲವು ಕಂಪನಿಗಳು ತಾವಾಗಿಯೇ ಹೇಳುತ್ತವೆ. ಹೇಳದಿದ್ದರೆ ಅದು ಒಂದು ಚಮಚವೂ ಇರಬಹುದು.
* ಎಲ್ಲಿ ಭಟ್ಟಿ ಇಳಿಸಿದ್ದು: 'ಡಿಸ್ಟಿಲ್ಡ್ ಇನ್' ಮತ್ತು 'ಬಾಟಲ್ಡ್ ಬೈ' ಒಂದೇ ಅಲ್ಲ. ಕೊಂಡು ತಂದು ಬೆರೆಸಿ ಮಾರುವುದರಲ್ಲಿ ತಪ್ಪೇನಿಲ್ಲ, ಆದರೆ ಕೊಳ್ಳುವವರಿಗೆ ಅದು ತಿಳಿದಿರಬೇಕು.
* ಆಲ್ಕೋಹಾಲ್ ಪ್ರಮಾಣ: ಅಮೆರಿಕದಲ್ಲಿ 'ಪ್ರೂಫ್' ಎಂದರೆ ಶೇಕಡಾ ಪ್ರಮಾಣದ ಎರಡರಷ್ಟು. 120 ಪ್ರೂಫ್ ಎಂದರೆ ಶೇ. 60.

ಹಳೆಯ ಬೌರ್ಬನ್ ದುಬಾರಿಯಾಗಲು ಒಂದು ನಿಜವಾದ ಕಾರಣವೂ ಇದೆ. ಪೀಪಾಯಿಯಿಂದ ಪ್ರತಿವರ್ಷ ಸ್ವಲ್ಪ ಆವಿಯಾಗಿ ಹೋಗುತ್ತದೆ. ವರ್ಷಕ್ಕೆ ಶೇ. 4 ಎಂದು ಇಟ್ಟುಕೊಂಡರೆ, 15 ವರ್ಷದಲ್ಲಿ ಸುಮಾರು ಅರ್ಧ ಪೀಪಾಯಿ ಖಾಲಿ. ಹಾಗೆಂದು ವಯಸ್ಸಾದಷ್ಟೂ ರುಚಿ ಎಂದಲ್ಲ. ಹೊಸ ಮರದಲ್ಲಿ ಬಹಳ ಕಾಲ ಇಟ್ಟರೆ ಒಗರು ಏರಿ, ಮರದ ಪುಡಿ ನೆಕ್ಕಿದಂತಾಗಬಹುದು. ಬಾಟಲಿಗೆ ತುಂಬಿದ ಮೇಲೆ ವಯಸ್ಸು ಏರುವುದೂ ಇಲ್ಲ. ಕಪಾಟಿನಲ್ಲಿ ಹತ್ತು ವರ್ಷ ಇಟ್ಟ 6 ವರ್ಷದ ಬೌರ್ಬನ್ 6 ವರ್ಷದ್ದೇ.

ಉಳಿದ ಬೆಲೆ ಬೇಡಿಕೆಯದ್ದು. ಪೆನ್ಸಿಲ್ವೇನಿಯಾ, ವರ್ಜೀನಿಯಾದಂಥ ರಾಜ್ಯಗಳಲ್ಲಿ ಮಾರಾಟ ಸರ್ಕಾರದ ಕೈಯಲ್ಲಿರುವುದರಿಂದ ಅಪರೂಪದ ಬಾಟಲಿಗಳನ್ನು ಲಾಟರಿ ಎತ್ತಿ, ನಿಗದಿತ ಬೆಲೆಗೇ ಕೊಡುತ್ತಾರೆ. ಬೇರೆಡೆ ಕಂಪನಿ ಸೂಚಿಸಿದ ಬೆಲೆಗಿಂತ ಎಷ್ಟೋ ಪಟ್ಟು ಹೆಚ್ಚಿಗೆ ಅಂಗಡಿಯವರು ಮಾರುವುದುಂಟು. ಎರಡೂ ಕಡೆ ಬಾಟಲಿಯೊಳಗಿನ ವಿಸ್ಕಿ ಒಂದೇ.

ಬೆಲೆ ಗೊತ್ತಾದರೆ ರುಚಿ ಬದಲಾಗುತ್ತದೆಯೇ?

ಹೌದು. ಇದಕ್ಕೆ ವೈನ್ ಮೇಲೆ ನಡೆದ ಅಧ್ಯಯನಗಳಲ್ಲಿ ಪುರಾವೆ ಇದೆ. 2008ರಲ್ಲಿ ಕ್ಯಾಲಿಫೋರ್ನಿಯಾದ ಸಂಶೋಧಕರು 20 ಜನರಿಗೆ ಮಿದುಳಿನ ಸ್ಕ್ಯಾನ್ ಮಾಡುತ್ತಾ ವೈನ್ ಕೊಟ್ಟರು. ಒಂದೇ ವೈನನ್ನು ಒಮ್ಮೆ 10 ಡಾಲರ್, ಇನ್ನೊಮ್ಮೆ 90 ಡಾಲರ್ ಎಂದು ಹೇಳಿ ಕುಡಿಸಿದರು. 90 ಎಂದಾಗ ಜನ ಹೆಚ್ಚು ಇಷ್ಟವಾಯಿತು ಎಂದರು. ಹಿತವಾದ ಅನುಭವಕ್ಕೆ ಸಂಬಂಧಿಸಿದ ಮಿದುಳಿನ ಭಾಗದಲ್ಲೂ ಚಟುವಟಿಕೆ ಹೆಚ್ಚಿತ್ತು. ಅಂದರೆ ಅವರು ಸುಳ್ಳು ಹೇಳುತ್ತಿರಲಿಲ್ಲ. ಅವರಿಗೆ ಅದು ನಿಜವಾಗಿಯೂ ಚೆನ್ನಾಗಿತ್ತು.

ಅದೇ ವರ್ಷ ಪ್ರಕಟವಾದ ಇನ್ನೊಂದು ಅಧ್ಯಯನ, ಬೆಲೆ ತಿಳಿಸದೆ ನಡೆಸಿದ 6,000ಕ್ಕೂ ಹೆಚ್ಚು ರುಚಿ ಪರೀಕ್ಷೆಗಳನ್ನು ನೋಡಿತು. ವಿಶೇಷ ತರಬೇತಿ ಇಲ್ಲದ ಸಾಮಾನ್ಯ ಜನರಿಗೆ ದುಬಾರಿ ವೈನ್ ಸರಾಸರಿಯಲ್ಲಿ ಸ್ವಲ್ಪ ಕಡಿಮೆಯೇ ಇಷ್ಟವಾಗಿತ್ತು. ಇವು ವೈನ್‌ನ ಫಲಿತಾಂಶಗಳು, ಬೌರ್ಬನ್‌ನದ್ದಲ್ಲ. ಆದರೆ ಬೆಲೆ ನೋಡಿ ನಿರೀಕ್ಷೆ ಕಟ್ಟಿಕೊಳ್ಳುವ ಮಿದುಳು ಅದೇ.

ರುಚಿ ನೋಡುವುದು ಹೇಗೆ?

ನಾವು ರುಚಿ ಎನ್ನುವುದರಲ್ಲಿ ಬಹುಪಾಲು ವಾಸನೆ. ಆದ್ದರಿಂದ ಮೊದಲ ಕೆಲಸ ಮೂಗಿನದ್ದು. ಬಾಯಿ ಕಿರಿದಾದ ಲೋಟದಲ್ಲಿ ಸ್ವಲ್ಪ ಹಾಕಿ, ಮೂಗನ್ನು ಒಳಗೆ ತೂರಿಸದೆ ಮೇಲಿನಿಂದ ನಿಧಾನವಾಗಿ ಮೂಸಬೇಕು.

ಬಾಯಿಗೆ ಹಾಕಿದಾಗ ಆಗುವ ಉರಿ ರುಚಿಯಲ್ಲ. ಮೆಣಸಿನಕಾಯಿಯ ಖಾರವನ್ನು ಗುರುತಿಸುವ ಟಿಆರ್‌ಪಿವಿ1 ಎಂಬ ಗ್ರಾಹಕವನ್ನೇ ಆಲ್ಕೋಹಾಲ್ ಕೂಡ ಕೆರಳಿಸುತ್ತದೆ. ಖಾರ ಹೆಚ್ಚಾದರೆ ಸಾರಿನ ಉಳಿದ ರುಚಿ ತಿಳಿಯದಂತೆ, ಶೇ. 60ರ ಬೌರ್ಬನ್‌ನಲ್ಲೂ ಉರಿಯೇ ಮುಂದಾಗುತ್ತದೆ.

ನೀರು ಬೆರೆಸಿದರೆ ವಿಸ್ಕಿ ಕೆಡುತ್ತದೆ ಎಂಬ ಮಾತಿಗೂ ಆಧಾರವಿಲ್ಲ. 2017ರಲ್ಲಿ ಸ್ವೀಡನ್‌ನ ಇಬ್ಬರು ಸಂಶೋಧಕರು ಕಂಪ್ಯೂಟರ್ ಮಾದರಿಯಲ್ಲಿ ಇದನ್ನು ಪರಿಶೀಲಿಸಿದರು. ಹೊಗೆಯಂಥ ವಾಸನೆ ಕೊಡುವ ಗ್ವಾಯಕಾಲ್ ಎಂಬ ಅಣು, ಆಲ್ಕೋಹಾಲ್ ಶೇ. 45ರವರೆಗೆ ಇದ್ದಾಗ ದ್ರವದ ಮೇಲ್ಮೈ ಹತ್ತಿರ ಇರುತ್ತದೆ. ಶೇ. 59 ದಾಟಿದರೆ ಆಲ್ಕೋಹಾಲ್ ಅಣುಗಳ ನಡುವೆ ಒಳಗೆ ಉಳಿಯುತ್ತದೆ. ಮೇಲ್ಮೈಯಲ್ಲಿದ್ದರೆ ಮೂಗಿಗೆ ಸಿಗುವುದು ಸುಲಭ.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆ

ಆಹಾರ ವಿಜ್ಞಾನಿಗಳು ಬಳಸುವ 'ತ್ರಿಕೋನ ಪರೀಕ್ಷೆ'ಗೆ ಬೇಕಾದದ್ದು ಮೂರು ಲೋಟ ಮಾತ್ರ.

1. ಲಿಮಿಟೆಡ್ ಎಡಿಷನ್ ಜೊತೆಗೆ ಅದೇ ಕಂಪನಿಯ ಸಾಮಾನ್ಯ ಬಾಟಲಿ ಇಟ್ಟುಕೊಳ್ಳಿ. ನೀರು ಬೆರೆಸಿ ಎರಡನ್ನೂ ಒಂದೇ ಪ್ರಮಾಣಕ್ಕೆ ತನ್ನಿ. ಶೇ. 60ರ 30 ಮಿ.ಲೀ.ಗೆ 10 ಮಿ.ಲೀ. ನೀರು ಹಾಕಿದರೆ ಶೇ. 45 ಆಗುತ್ತದೆ. ಇಲ್ಲದಿದ್ದರೆ ಉರಿಯೇ ಗುಟ್ಟು ಬಿಟ್ಟುಕೊಡುತ್ತದೆ.
2. ಒಬ್ಬರು ಮರೆಯಲ್ಲಿ ಎರಡು ಲೋಟಕ್ಕೆ ಒಂದನ್ನು, ಮೂರನೆಯದಕ್ಕೆ ಇನ್ನೊಂದನ್ನು ಹಾಕಲಿ. ಲೋಟಕ್ಕೆ 5 ಮಿ.ಲೀ. ಸಾಕು.
3. ಆರು ಜನ ಒಬ್ಬೊಬ್ಬರಾಗಿ, ಮಾತಾಡಿಕೊಳ್ಳದೆ, ಬೇರೆಯದ್ದು ಯಾವುದು ಎಂದು ಗುರುತಿಸಲಿ. ಪ್ರತಿಯೊಬ್ಬರಿಗೂ ಲೋಟಗಳ ಕ್ರಮ ಬದಲಾಗಲಿ.

ಸುಮ್ಮನೆ ಊಹಿಸಿದರೂ ಆರರಲ್ಲಿ ಸರಾಸರಿ ಇಬ್ಬರ ಉತ್ತರ ಸರಿಯಾಗುತ್ತದೆ. ಐವರು ಅಥವಾ ಆರೂ ಜನ ಬರೀ ಊಹೆಯಿಂದ ಸರಿ ಹೇಳುವ ಸಾಧ್ಯತೆ ನೂರಕ್ಕೆ ಎರಡಕ್ಕಿಂತ ಕಡಿಮೆ. ಅಷ್ಟು ಜನ ಗುರುತಿಸಿದರೆ ವ್ಯತ್ಯಾಸ ನಿಜ. ಆಮೇಲೆ ಕೇಳಬೇಕಾದ ಪ್ರಶ್ನೆ: ಯಾವುದು ಹೆಚ್ಚು ಇಷ್ಟವಾಯಿತು? ಬೇರೆ ಎಂದು ತಿಳಿಯುವುದೂ ಮೇಲು ಎನಿಸುವುದೂ ಒಂದೇ ಅಲ್ಲ.

ಬೆಲೆಯ ಲೆಕ್ಕ

ಬಾಟಲಿಗೆ ಬಾಟಲಿ ಹೋಲಿಸಿದರೆ ಲೆಕ್ಕ ತಪ್ಪುತ್ತದೆ. ಶೇ. 60ರ 750 ಮಿ.ಲೀ. ಬಾಟಲಿಯನ್ನು ಶೇ. 45ಕ್ಕೆ ಇಳಿಸಿದರೆ ಹೆಚ್ಚುಕಡಿಮೆ ಒಂದು ಲೀಟರ್ ಆಗುತ್ತದೆ. ಉದಾಹರಣೆಗೆ, ಇದು 120 ಡಾಲರ್, ಶೇ. 45ರ ಸಾಮಾನ್ಯ ಬಾಟಲಿ 40 ಡಾಲರ್ ಎಂದುಕೊಳ್ಳಿ. ನೋಡಲು ಮೂರು ಪಟ್ಟು. ನೀರಿನ ಲೆಕ್ಕ ಹಿಡಿದರೆ 120ಕ್ಕೆ ಎದುರು 53, ಅಂದರೆ ಎರಡೂಕಾಲು ಪಟ್ಟು. ಆ ಉಳಿದ ಅಂತರಕ್ಕೆ ವಯಸ್ಸು ಮತ್ತು ರುಚಿ ಉತ್ತರ ಕೊಡುತ್ತವೆಯೇ ಎಂಬುದೇ ಪ್ರಶ್ನೆ. ಅದೇ ಬಾಟಲಿ ಮರುಮಾರಾಟದಲ್ಲಿ 500 ಡಾಲರ್ ಆದರೆ, ಹೆಚ್ಚುವರಿ 380 ಡಾಲರ್‌ಗೆ ಒಂದು ಹನಿ ರುಚಿಯೂ ಹೆಚ್ಚು ಸಿಗುವುದಿಲ್ಲ.

ಆರೋಗ್ಯದ ಮಾತು

ದುಬಾರಿ ಮದ್ಯ ದೇಹಕ್ಕೆ ಮೃದು ಎಂಬುದು ಬರೀ ನಂಬಿಕೆ. ಯಕೃತ್ತಿಗೆ ಲೇಬಲ್ ಓದಲು ಬರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಮದ್ಯವನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿನಲ್ಲಿ ಇಟ್ಟಿದೆ. ಸುರಕ್ಷಿತ ಎನ್ನಬಹುದಾದ ಪ್ರಮಾಣವಿಲ್ಲ ಎಂದು ಸಂಸ್ಥೆ 2023ರಲ್ಲಿ ಹೇಳಿದೆ.

ಇಲ್ಲಿ ನಮ್ಮವರು ಗಮನಿಸಬೇಕಾದ ಒಂದು ಲೆಕ್ಕವಿದೆ. ಭಾರತದ ವಿಸ್ಕಿಗಳು ಸಾಮಾನ್ಯವಾಗಿ ಶೇ. 42.8. ಅದರ 60 ಮಿ.ಲೀ. ಲಾರ್ಜ್ ಪೆಗ್‌ನಲ್ಲಿ ಸುಮಾರು 20 ಗ್ರಾಂ ಶುದ್ಧ ಆಲ್ಕೋಹಾಲ್ ಇರುತ್ತದೆ. ಅಮೆರಿಕದಿಂದ ಬಂದ ನೆಂಟರು ತಂದ ಶೇ. 60ರ ಬೌರ್ಬನ್ ಅನ್ನು ಅದೇ ಅಳತೆಯಲ್ಲಿ ಹಾಕಿದರೆ ಅದು ಸುಮಾರು 28 ಗ್ರಾಂ. 'ಎರಡೇ ಪೆಗ್' ಎಂದುಕೊಂಡವರು ಹೆಚ್ಚುಕಡಿಮೆ ಮೂರು ಕುಡಿದಿರುತ್ತಾರೆ. ಕುಡಿಯದವರು ಶುರು ಮಾಡಲು ಯಾವ ಲಿಮಿಟೆಡ್ ಎಡಿಷನ್ನೂ ಕಾರಣವಲ್ಲ. ಕುಡಿದವರು ವಾಹನ ಓಡಿಸುವಂತಿಲ್ಲ.

ಕೊನೆಯದಾಗಿ

'ಬ್ಲೆಂಡ್' ಎಂಬ ಪದ ಕಂಡೊಡನೆ ಬಾಟಲಿಯನ್ನು ಕೆಳಗಿಡಬೇಕಿಲ್ಲ, 'ಲಿಮಿಟೆಡ್' ಎಂಬ ಪದ ಕಂಡೊಡನೆ ಪರ್ಸ್ ತೆಗೆಯಬೇಕಿಲ್ಲ. ಒಳಗಿರುವುದೆಲ್ಲ ಸ್ಟ್ರೇಟ್ ಬೌರ್ಬನ್ ಆಗಿದ್ದು, ವಯಸ್ಸು ಮತ್ತು ಮೂಲವನ್ನು ಕಂಪನಿ ತೆರೆದು ಹೇಳಿದ್ದರೆ, ಅದರ ಸೂಚಿತ ಬೆಲೆಗೆ ಒಂದು ತರ್ಕವಿರಬಹುದು. ಅದಕ್ಕಿಂತ ಹೆಚ್ಚು ಕೊಡುವಾಗ ಕೊಳ್ಳುತ್ತಿರುವುದು ಅಪರೂಪವನ್ನು, ರುಚಿಯನ್ನಲ್ಲ. ಅಪರೂಪಕ್ಕೆ ದುಡ್ಡು ಕೊಡುವುದು ಅವರವರ ಇಷ್ಟ. ಅದನ್ನು ರುಚಿ ಎಂದು ತಿಳಿದು ಕೊಡದಿದ್ದರೆ ಸಾಕು.