ಲ್ಯಾಪ್‌ಟಾಪ್ ವೈಫೈ ಕಾರ್ಡ್ ಬದಲಾವಣೆ

ಲ್ಯಾಪ್‌ಟಾಪಿನೊಳಗೆ ಕೂತು ರೌಟರಿನೊಂದಿಗೆ ರೇಡಿಯೋ ಅಲೆಗಳ ಮೂಲಕ ಸಂಪರ್ಕ ಇಟ್ಟುಕೊಳ್ಳುವ ಪುಟ್ಟ ಬಿಡಿಭಾಗವೇ ವೈಫೈ ಕಾರ್ಡ್. ಬ್ಲೂಟೂತ್ ಸಹ ಸಾಮಾನ್ಯವಾಗಿ ಇದರಲ್ಲೇ ಇರುತ್ತದೆ. ಹಳೆಯ ಯಂತ್ರಗಳಲ್ಲಿ ಇದು ಮಿನಿ ಪಿಸಿಐ ಎಕ್ಸ್‌ಪ್ರೆಸ್ ಮಾದರಿಯದು. ಈಗಿನವುಗಳಲ್ಲಿ 22 ಮಿ.ಮೀ. ಅಗಲ, 30 ಮಿ.ಮೀ. ಉದ್ದದ ಎಂ.2 ಕಾರ್ಡ್ ಇರುತ್ತದೆ.

ಭಾರತದಲ್ಲಿ ಪರವಾನಗಿಯಿಲ್ಲದೆ ಬಳಸಲು ವೈಫೈ ಅಲೆಗಳ 2.4 ಗಿಗಾಹರ್ಟ್ಸ್ ಪಟ್ಟಿ 2005ರಲ್ಲೇ ಮುಕ್ತವಾಯಿತು. 5 ಗಿಗಾಹರ್ಟ್ಸ್ ಪಟ್ಟಿಯ ಬಹುಭಾಗ ತೆರೆದದ್ದು 2018ರ ಅಕ್ಟೋಬರಿನಲ್ಲಿ. 6 ಗಿಗಾಹರ್ಟ್ಸ್‌ನ ಕೆಳಭಾಗಕ್ಕೆ, ಅಂದರೆ 5925ರಿಂದ 6425 ಮೆಗಾಹರ್ಟ್ಸ್‌ವರೆಗೆ, ಕರಡು ನಿಯಮ ಬಂದದ್ದು 2025ರ ಮೇ ತಿಂಗಳಲ್ಲಿ. ಅಗ್ಗದ ಹಳೆಯ ಲ್ಯಾಪ್‌ಟಾಪ್‌ಗಳ ಕಾರ್ಡು ಹಲವು ಬಾರಿ 2.4 ಪಟ್ಟಿಯನ್ನು ಮಾತ್ರ ಬಲ್ಲದು. ಮನೆಗೆ ಫೈಬರ್ ಬಂದರೂ ವೇಗ ಏರದಿದ್ದರೆ ಮೊದಲು ಅನುಮಾನಿಸಬೇಕಾದ್ದು ಇದನ್ನೇ.

ಆದರೆ ರಾಯಚೂರು ಜಿಲ್ಲೆ ಲಿಂಗಸುಗೂರು ತಾಲ್ಲೂಕಿನ ಗುರುಗುಂಟಾದಂಥ ಊರುಗಳ ದಪ್ಪ ಕಲ್ಲುಗೋಡೆಯ ಹಳೆಯ ಮನೆಗಳಲ್ಲಿ ಲೆಕ್ಕ ಬೇರೆ. 5 ಗಿಗಾಹರ್ಟ್ಸ್ ಅಲೆ ವೇಗವಾದದ್ದು, ಆದರೆ ಗೋಡೆ ದಾಟುವಲ್ಲಿ 2.4ಕ್ಕಿಂತ ಬೇಗ ಸೋಲುತ್ತದೆ. ರೌಟರ್ ಪಡಸಾಲೆಯಲ್ಲಿದ್ದು ಹುಡುಗ ಒಳಕೋಣೆಯಲ್ಲಿ ಓದುತ್ತಿದ್ದರೆ ಹೊಸ ಕಾರ್ಡಿಗೆ ದುಡ್ಡು ಹಾಕುವ ಮುನ್ನ ಲ್ಯಾಪ್‌ಟಾಪನ್ನು ರೌಟರ್ ಪಕ್ಕದಲ್ಲಿಟ್ಟು ವೇಗ ನೋಡಬೇಕು. ಅಲ್ಲಿಯೂ ನಿಧಾನವಿದ್ದು, ಅದೇ ಜಾಗದಲ್ಲಿ ಮೊಬೈಲ್ ಚುರುಕಾಗಿದ್ದರೆ ಕಾರ್ಡಿನ ಮೇಲಿನ ಅನುಮಾನ ಗಟ್ಟಿಯಾಗುತ್ತದೆ.

ಕೊಳ್ಳುವಾಗ ಹೆಚ್ಚು ಜನ ಎಡವುವುದು ಇಂಟೆಲ್‌ನ ಸಿಎನ್‌ವಿಐ ವಿಷಯದಲ್ಲಿ. ಈ ಬಗೆಯ ಎಎಕ್ಸ್201, ಎಎಕ್ಸ್211 ಅರೆ ಕಾರ್ಡುಗಳು. ಉಳಿದರ್ಧ ಕೆಲಸವನ್ನು ಅವಕ್ಕೆ ಹೊಂದುವ ಇಂಟೆಲ್ ಪ್ರೊಸೆಸರ್ ಕಡೆಯೇ ಮಾಡಬೇಕು. ಎಎಂಡಿ ಯಂತ್ರದಲ್ಲಿ ಇವು ನಡೆಯುವುದಿಲ್ಲ. ಎಎಕ್ಸ್200, ಎಎಕ್ಸ್210 ಪೂರ್ಣ ಕಾರ್ಡುಗಳಾದ್ದರಿಂದ ಎರಡೂ ಕಡೆ ಒಗ್ಗುತ್ತವೆ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಾಗಲಿ ಆನ್‌ಲೈನ್‌ನಲ್ಲಾಗಲಿ ಕೊಳ್ಳುವಾಗ ಕೊನೆಯ ಆ ಒಂದು ಅಂಕಿಯನ್ನು ಕಣ್ಣಿಟ್ಟು ಓದಬೇಕು. ಕೆಲವು ಹಳೆಯ ಲೆನೊವೊ, ಎಚ್‌ಪಿ ಮಾದರಿಗಳ ಬಯಾಸ್ (ಯಂತ್ರವನ್ನು ಆರಂಭಿಸುವ ಮೂಲ ತಂತ್ರಾಂಶ) ತನ್ನ ಪಟ್ಟಿಯಲ್ಲಿಲ್ಲದ ಕಾರ್ಡನ್ನು ಒಪ್ಪುವುದೇ ಇಲ್ಲ.

ಬಿಚ್ಚುವ ಮೊದಲು ಹೊಸ ಕಾರ್ಡಿನ ಡ್ರೈವರನ್ನು ಪೆನ್‌ಡ್ರೈವಿಗೆ ಇಳಿಸಿಕೊಳ್ಳಬೇಕು. ಕಾರ್ಡ್ ಬದಲಾದ ಮೇಲೆ ಇಳಿಸಲು ನೆಟ್ಟೇ ಇರಲಿಕ್ಕಿಲ್ಲ. ಲ್ಯಾಪ್‌ಟಾಪ್ ಆರಿಸಿ, ಚಾರ್ಜರ್ ತೆಗೆದು, ಬ್ಯಾಟರಿಯ ಸಂಪರ್ಕ ಬಿಡಿಸಬೇಕು. ಕಾರ್ಡಿನ ಮೇಲೆ ಎರಡು ತೆಳು ಆಂಟೆನಾ ತಂತಿಗಳು, ಸಾಮಾನ್ಯವಾಗಿ ಒಂದು ಕಪ್ಪು, ಒಂದು ಬಿಳಿ. ತುದಿಯಲ್ಲಿ ಜೋಳದ ಕಾಳಿಗಿಂತ ಸಣ್ಣ ಲೋಹದ ಗುಂಡಿ. ತಂತಿ ಹಿಡಿದೆಳೆದರೆ ಕಿತ್ತು ಬರುತ್ತದೆ, ಗುಂಡಿಯನ್ನೇ ನೆಟ್ಟಗೆ ಮೇಲಕ್ಕೆತ್ತಬೇಕು. ಸ್ಕ್ರೂ ಬಿಚ್ಚಿದಾಗ ಕಾರ್ಡ್ ತಾನೇ ಓರೆಯಾಗಿ ಏಳುತ್ತದೆ. ಹೊಸದನ್ನು ಅದೇ ಓರೆಯಲ್ಲಿ ತೂರಿಸಿ ಒತ್ತಿ ಬಿಗಿಯಬೇಕು. ಗುಂಡಿ ಕೂರಿಸುವುದೇ ಕಷ್ಟದ ಕೆಲಸ. ಸರಿಯಾಗಿ ನೆತ್ತಿಯ ಮೇಲಿಟ್ಟು ಒತ್ತಿದರೆ ಬೆರಳಿಗೆ ಸಣ್ಣ ‘ಟಕ್’ ತಿಳಿಯುತ್ತದೆ. ಅದು ತಿಳಿಯದೆ ಬಲ ಹಾಕಿದರೆ ಗುಂಡಿ ಚಪ್ಪಟೆಯಾಗುತ್ತದೆ. ಮಿನಿ ಕಾರ್ಡಿನ ಗುಂಡಿ ಎಂ.2 ಕಾರ್ಡಿನದಕ್ಕಿಂತ ದೊಡ್ಡದು. ಒಂದರದು ಇನ್ನೊಂದಕ್ಕೆ ಕೂರುವುದಿಲ್ಲ.

ತೆಳು ಲ್ಯಾಪ್‌ಟಾಪ್‌ಗಳ ಕೆಲವು ಮಾದರಿಗಳಲ್ಲಿ ವೈಫೈ ಭಾಗ ಮದರ್‌ಬೋರ್ಡಿಗೇ ಬೆಸೆದಿರುತ್ತದೆ. ಅವಕ್ಕೆ ಯುಎಸ್‌ಬಿ ವೈಫೈ ಅಡಾಪ್ಟರೇ ಗತಿ.